ಎದುರಾಳಿಯ ನಡೆಯನ್ನು ಮೊದಲು ಬರೆಯುವುದು: ಬಾಗಲಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನ ಚೆಸ್ ಅಭ್ಯಾಸ, ಒಂದು ಪ್ರಕರಣ ಅಧ್ಯಯನ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕೊಠಡಿ ಹಿಡಿದು ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ಒಬ್ಬ ವಿದ್ಯಾರ್ಥಿಯ ಪ್ರಕರಣವಿದು. ಆತ ಮುಧೋಳ ತಾಲ್ಲೂಕಿನವನು, ಘಟಪ್ರಭೆಯ ದಂಡೆಯ ಊರು, ಮನೆಯಲ್ಲಿ ಕಬ್ಬಿನ ಬೇಸಾಯ. 2024ರ ಬೇಸಿಗೆಯಲ್ಲಿ ಮೊದಲ ಬಾರಿಗೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ರೇಟಿಂಗ್ ಪಂದ್ಯಾವಳಿಯೊಂದರಲ್ಲಿ ಆಡಿ ಬಂದವನು, ಐದನೇ ಸೆಮಿಸ್ಟರ್ ಆರಂಭವಾಗುವ ಹೊತ್ತಿಗೆ ಆಟವನ್ನು ಸುಧಾರಿಸಿಕೊಳ್ಳಲೇಬೇಕೆಂದು ಹಟ ಹಿಡಿದಿದ್ದ. ಅದೇ ಹೊತ್ತಿಗೆ ಮೂರನೇ ಸೆಮಿಸ್ಟರಿನ ಗಣಿತ ಇನ್ನೂ ಬಾಕಿ ಉಳಿದಿತ್ತು. ನವನಗರದಲ್ಲಿ ಭಾನುವಾರದ ಸಂಜೆ ಆಸಕ್ತ ಹುಡುಗ ಹುಡುಗಿಯರಿಗೆ ಚೆಸ್ ಹೇಳಿಕೊಡುವ ನನ್ನ ಬಳಿ ಆತ ಬಂದದ್ದು ಆಗ. ಆತನ ಒಪ್ಪಿಗೆ ಪಡೆದು, ಹೆಸರನ್ನೂ ಕಾಲೇಜನ್ನೂ ಬಿಟ್ಟು, ಮುಂದಿನ ಏಳೆಂಟು ತಿಂಗಳುಗಳ ವಿವರವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ನಮ್ಮ ಕಡೆಯ ಮಕ್ಕಳು ಚೆಸ್ ಬಿಡುವುದು ಸಾಮಾನ್ಯವಾಗಿ ಪಿಯುಸಿ ಎರಡನೇ ವರ್ಷದಲ್ಲಿ, ಅಲ್ಲಿ ದಾಟಿದವರು ಎಂಜಿನಿಯರಿಂಗಿನ ಮೊದಲ ವರ್ಷದಲ್ಲಿ. ಯಾರನ್ನು ಕೇಳಿದರೂ ಸಮಯವಿಲ್ಲ ಎಂಬ ಒಂದೇ ಉತ್ತರ ಸಿಗುತ್ತದೆ. ಈ ವಿದ್ಯಾರ್ಥಿಗೂ ಸಮಯ ಕಡಿಮೆಯೇ ಇತ್ತು. ಆದರೆ ಆತನ ಆಟಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ ಮೇಲೆ ಸೋಲಿನ ಮೂಲ ಬೇರೆಡೆ ಇರುವುದು ಕಾಣಿಸಿತು. ಸಿಗುತ್ತಿದ್ದ ಅಷ್ಟಿಷ್ಟು ಹೊತ್ತಿನಲ್ಲಿ ಆತ ಮಾಡುತ್ತಿದ್ದ ಅಭ್ಯಾಸವೇ ಪಂದ್ಯಾವಳಿಯ ಮೇಜಿನ ಮೇಲೆ ಆತನನ್ನು ಸೋಲಿಸುತ್ತಿತ್ತು. ಇದು ಒಬ್ಬನೇ ಹುಡುಗನ ಪ್ರಕರಣವಾದರೂ ಓದಿನ ಜೊತೆ ಆಟ ಉಳಿಸಿಕೊಳ್ಳಬೇಕೆನ್ನುವ ಬೇರೆಯವರಿಗೂ ಇದರಲ್ಲಿ ತಮ್ಮ ಆಟ ಕಂಡೀತು ಎಂಬ ನಂಬಿಕೆಯಿಂದ ಬರೆದಿದ್ದೇನೆ.

ಕಲಿತ ಬಗೆ

ಆತನಿಗೆ ಚೆಸ್ ಕಲಿಸಿದವರು ತಾಯಿಯ ತಂದೆ, ಅದೂ ಹಳೆಯ ನಮ್ಮ ಪದ್ಧತಿಯ ಆಟ. ಆ ಪದ್ಧತಿಯಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದೆ ಹೋಗಬೇಕು. ಈಗಿನ ರೀತಿಯಲ್ಲಿ ಕೋಟೆ ಕಟ್ಟುವ ನಡೆ ಇಲ್ಲ, ಬದಲಿಗೆ ರಾಜ ಶಹ ಬೀಳುವ ಮೊದಲು ಒಂದೇ ಒಂದು ಸಲ ಕುದುರೆಯಂತೆ ಜಿಗಿಯಬಹುದು. ಕೊನೆಯ ಮನೆ ಮುಟ್ಟಿದ ಕಾಲಾಳು ಆ ಸಾಲಿಗೆ ಸೇರಿದ ಕಾಯಿಯೇ ಆಗುತ್ತದೆ. ಆಟ ನಿಧಾನವಾಗಿ ತೆರೆದುಕೊಳ್ಳುವುದರಿಂದ ಆಡುವವರಲ್ಲಿ ತಾಳ್ಮೆ ಬೆಳೆಯುತ್ತದೆ, ಮುಚ್ಚಿದ ಸ್ಥಿತಿಗಳಲ್ಲಿ ಕಾಯಿಗಳನ್ನು ಎಲ್ಲಿ ನಿಲ್ಲಿಸಬೇಕೆಂಬ ಅಂದಾಜು ಚೆನ್ನಾಗಿ ಬರುತ್ತದೆ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಕೂಡ ಮೊದಲು ಕಲಿತದ್ದು ಭಾರತೀಯ ಪದ್ಧತಿಯ ಆಟವನ್ನೇ. ಇಂಗ್ಲೆಂಡಿಗೆ ಹೋಗಿ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ ಅವರು 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಪಾಬ್ಲಾಂಕಾ ಅವರನ್ನು ಸೋಲಿಸಿದರು. ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳ ಜ್ಞಾನದಲ್ಲಿ ಯುರೋಪಿನ ಆಟಗಾರರಿಗಿಂತ ಬಹಳ ಹಿಂದಿದ್ದ ಅವರಿಗೆ ಫಿಡೆ 2024ರಲ್ಲಿ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ನೀಡಿತು. ಈ ಸಂಗತಿಯನ್ನು ನಾನು ವಿದ್ಯಾರ್ಥಿಗೆ ಮೊದಲ ವಾರದಲ್ಲೇ ಹೇಳಿದ್ದೆ. ಅಜ್ಜನಿಂದ ಬಂದದ್ದನ್ನು ಆತ ಕೊರತೆಯೆಂದು ಎಣಿಸಿ, ಅದನ್ನು ಮುಚ್ಚಿಹಾಕಲು ಓಪನಿಂಗುಗಳ ಹಿಂದೆ ಬಿದ್ದಿದ್ದ. ಮೊಬೈಲಿನಲ್ಲಿ ಸಿಸಿಲಿಯನ್ ನಾಯ್ಡಾರ್ಫ್ ಎಂಬ ಓಪನಿಂಗ್ ಕುರಿತ ವಿಡಿಯೊಗಳ ದೊಡ್ಡ ಸಂಗ್ರಹವೇ ಇತ್ತು.

ಆತನ ಮೊದಲ ರೇಟಿಂಗ್, ಅಂದರೆ ಆಟಗಾರನ ಬಲ ಸೂಚಿಸುವ ಸಂಖ್ಯೆ, 1463. ಈ ಸಂಖ್ಯೆ ಹೇಗೆ ಬಂತೆಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹುಡುಗರು ಇದನ್ನು ಪರೀಕ್ಷೆಯ ಅಂಕದಂತೆ ಭಾವಿಸಿ ಎದೆಗುಂದುತ್ತಾರೆ. ರೇಟಿಂಗ್ ಇದ್ದ ಐವರ ವಿರುದ್ಧ ಆತ ಆಡಿದ್ದ. ಅವರ ಸರಾಸರಿ 1550, ಗಳಿಸಿದ್ದು ಒಂದು ಅಂಕ. 2024ರ ಮಾರ್ಚ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಮೊದಲ ರೇಟಿಂಗ್ ಲೆಕ್ಕ ಹಾಕುವಾಗ 1800 ರೇಟಿಂಗಿನ ಇಬ್ಬರು ಕಲ್ಪಿತ ಎದುರಾಳಿಗಳೊಡನೆ ಡ್ರಾ ಮಾಡಿಕೊಂಡು ಅರ್ಧರ್ಧ ಅಂಕ ಪಡೆದಂತೆ ಸೇರಿಸಲಾಗುತ್ತದೆ. ಆಗ ಸರಾಸರಿ 1621 ಆಗುತ್ತದೆ, ಏಳು ಆಟಗಳಲ್ಲಿ ಎರಡು ಅಂಕ ಆಗುತ್ತದೆ. ಫಿಡೆಯ ಕೋಷ್ಟಕದ ಪ್ರಕಾರ ಅದರಲ್ಲಿ 158 ಕಳೆದರೆ 1463. ಕೆಳಮಿತಿಯೇ 1400 ಇರುವಾಗ ಇದು ಆರಂಭದ ಮೆಟ್ಟಿಲು ಮಾತ್ರ. ಲಿಚೆಸ್ ಎಂಬ ಆನ್‌ಲೈನ್ ಚೆಸ್ ತಾಣದಲ್ಲಿ ಆತನ ರಾಪಿಡ್ ರೇಟಿಂಗ್ ಇದಕ್ಕಿಂತ ಬಹಳ ಮೇಲಿತ್ತು. ಅಲ್ಲಿ ಹೊಸಬರು 1500ರಿಂದಲೇ ಶುರುಮಾಡುವುದರಿಂದಲೂ, ಲೆಕ್ಕದ ವಿಧಾನವೇ ಬೇರೆಯಾಗಿರುವುದರಿಂದಲೂ ಎರಡನ್ನೂ ಅಕ್ಕಪಕ್ಕ ಇಟ್ಟು ತೂಗುವುದರಲ್ಲಿ ಅರ್ಥವಿಲ್ಲ.

ಸ್ಕೋರ್‌ಶೀಟ್‌ಗಳು ತೋರಿಸಿದ್ದು

"ಸರ್, ಓಪನಿಂಗ್ ಭಾಳ ಓದೀನ್ರಿ, ಆದ್ರೂ ಸೋಲಾಕತ್ತೀನಿ" ಎಂದು ಆತ ಹೇಳಿದಾಗ ನಾನು ಕೇಳಿದ್ದು ಪಂದ್ಯಾವಳಿಯ ಸ್ಕೋರ್‌ಶೀಟ್‌ಗಳನ್ನು. ಕ್ಲಾಸಿಕಲ್, ಅಂದರೆ ದೀರ್ಘ ಸಮಯದ ಆಟದಲ್ಲಿ ನಡೆಗಳನ್ನು ಬರೆಯುವುದು ಕಡ್ಡಾಯ. ಪ್ರತಿ ನಡೆಗೆ 30 ಸೆಕೆಂಡು ಸೇರುವ ಆಟವಾದರೆ ಕೊನೆಯ ನಡೆಯವರೆಗೂ ಬರೆಯಲೇಬೇಕು. ಅದೃಷ್ಟಕ್ಕೆ ಆತ ಕೆಲವು ನಡೆಗಳ ಪಕ್ಕದಲ್ಲಿ ಗಡಿಯಾರದಲ್ಲಿ ಉಳಿದ ನಿಮಿಷಗಳನ್ನೂ ಗುರುತು ಹಾಕಿಕೊಂಡಿದ್ದ. ನಿಯಮಗಳು ಇದಕ್ಕೆ ಅವಕಾಶ ಕೊಡುತ್ತವೆ. ಆದರೂ ನಮ್ಮ ಹುಡುಗರಲ್ಲಿ ಹೆಚ್ಚಿನವರು ಇದನ್ನು ಮಾಡುವುದಿಲ್ಲ. ಕಂಪ್ಯೂಟರಿನ ಚೆಸ್ ಎಂಜಿನ್ ತೆರೆಯದೆ, ಮರದ ಬೋರ್ಡಿನ ಮೇಲೆ ಒಂದೊಂದೇ ಆಟವನ್ನು ಮತ್ತೆ ಮಂಡಿಸಿದೆವು.

ಓಪನಿಂಗಿನಲ್ಲೇ ಸೋತ ಆಟ ಒಂದೂ ಇರಲಿಲ್ಲ. ಹನ್ನೆರಡು ಹದಿಮೂರನೇ ನಡೆಯ ಹೊತ್ತಿಗೆ ಬಹುತೇಕ ಎಲ್ಲ ಆಟಗಳಲ್ಲಿ ಆತನ ಸ್ಥಿತಿ ಎದುರಾಳಿಯಷ್ಟೇ ಚೆನ್ನಾಗಿತ್ತು, ಒಂದೆರಡರಲ್ಲಿ ಮೇಲುಗೈಯೂ ಇತ್ತು. ಸೋಲುಗಳೆಲ್ಲ ಅದರ ನಂತರದವು, ಮತ್ತು ಗಡಿಯಾರದ ಗುರುತುಗಳನ್ನು ಜೊತೆಗಿಟ್ಟು ನೋಡಿದರೆ ಅವುಗಳಲ್ಲಿ ಒಂದೇ ಚಾಳಿ ಎದ್ದು ಕಾಣುತ್ತಿತ್ತು.

ಒಂದು ಆಟವನ್ನು ಹತ್ತಿರದಿಂದ ನೋಡೋಣ. ಆತನದು ಬಿಳಿ ಕಾಯಿ. (ಬೋರ್ಡಿನ ಉದ್ದಸಾಲುಗಳಿಗೆ ಎಯಿಂದ ಎಚ್‌ವರೆಗೆ ಅಕ್ಷರ, ಅಡ್ಡಸಾಲುಗಳಿಗೆ 1ರಿಂದ 8ರವರೆಗೆ ಸಂಖ್ಯೆ; ಎರಡೂ ಸೇರಿದರೆ ಮನೆಯ ಹೆಸರು.) ಆತನ ಒಂಟೆ ಎಫ್4ರಲ್ಲಿ ನಿಂತಿತ್ತು, ಇ4ರ ಕಾಲಾಳು ಡಿ5ರಲ್ಲಿದ್ದ ಕಪ್ಪು ಕಾಲಾಳನ್ನು ಹೊಡೆಯಬಹುದಿತ್ತು. ಹೊಡೆಯಬೇಕೋ ಬೇಡವೋ ಎಂದು ಆತ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಯೋಚಿಸಿದ್ದ. ಎಣಿಸಿದ್ದು ಹೀಗೆ: ನಾನು ಡಿ5ರಲ್ಲಿ ಹೊಡೆದರೆ ಆತ ಇ6ರ ಕಾಲಾಳಿನಿಂದ ತಿರುಗಿ ಹೊಡೆಯುತ್ತಾನೆ, ಇ ಸಾಲು ಪೂರ್ತಿ ತೆರೆಯುತ್ತದೆ, ಆಗ ಎಫ್1ರ ಆನೆಯನ್ನು ಇ1ಕ್ಕೆ ತರುತ್ತೇನೆ. ಎಣಿಕೆಯಲ್ಲಿ ದೋಷವಿರಲಿಲ್ಲ. ಆದರೆ ಎದುರಾಳಿ ಕಾಲಾಳಿನಿಂದ ಹೊಡೆಯಲಿಲ್ಲ, ಎಫ್6ರ ಕುದುರೆಯಿಂದ ಹೊಡೆದ. ಡಿ5ಕ್ಕೆ ಬಂದ ಆ ಕುದುರೆ ನೇರವಾಗಿ ಎಫ್4ರ ಒಂಟೆಯ ಮೇಲೆ ಕಣ್ಣಿಟ್ಟಿತ್ತು, ಒಂಟೆಗೆ ಕಾವಲಿರಲಿಲ್ಲ. ನಮ್ಮ ವಿದ್ಯಾರ್ಥಿ ಹತ್ತು ಸೆಕೆಂಡಿನೊಳಗೆ ಆನೆಯನ್ನು ಇ1ಕ್ಕೆ ಇಟ್ಟ. ಮುಂದಿನ ನಡೆಯಲ್ಲಿ ಒಂಟೆ ಹೋಯಿತು, ಆಟವೂ ಹೋಯಿತು.

ಇದೇ ಮಾದರಿ ಉಳಿದ ಸೋಲುಗಳಲ್ಲಿಯೂ ಇತ್ತು. ತಪ್ಪು ನಡೆ ಬರುತ್ತಿದ್ದುದು ದೀರ್ಘ ಯೋಚನೆಯ ವೇಳೆಯಲ್ಲಲ್ಲ, ಅದು ಮುಗಿದ ಮರುನಡೆಯಲ್ಲಿ. ಯೋಚನೆ ಮುಗಿಸಿದ ಮನಸ್ಸು ದಣಿದಿರುತ್ತದೆ, ಮುಂದಿನ ಮೂರು ನಡೆ ಆಗಲೇ ತೀರ್ಮಾನವಾಗಿವೆ ಎಂಬ ಸಮಾಧಾನದಲ್ಲಿರುತ್ತದೆ, ಎದುರಾಳಿಯ ಕೈ ಬೋರ್ಡಿನಿಂದ ಎದ್ದ ಕೂಡಲೇ ತನ್ನ ಕೈ ಮುಂದಾಗುತ್ತದೆ. ಎದುರಾಳಿ ಆಡಿದ್ದು ತಾನು ಎಣಿಸಿದ ನಡೆಯೇ ಹೌದೋ ಅಲ್ಲವೋ ಎಂದು ನೋಡುವ ಕ್ಷಣ ಆತನ ಆಟದಲ್ಲಿ ಇರಲೇ ಇಲ್ಲ.

ಈ ಚಾಳಿ ಎಲ್ಲಿಂದ ಬಂತೆಂದು ಹುಡುಕಲು ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಅಜ್ಜನ ಆಟದಿಂದ ಅದು ಬಂದಿರಲು ಸಾಧ್ಯವಿರಲಿಲ್ಲ. ಹಗಲೆಲ್ಲ ತರಗತಿ, ಮಧ್ಯಾಹ್ನ ಲ್ಯಾಬ್, ಸಂಜೆ ರೆಕಾರ್ಡ್ ಬರೆಯುವುದು, ಖಾನಾವಳಿಯಲ್ಲಿ ಊಟ ಮುಗಿಸಿ ಕೊಠಡಿಗೆ ಬಂದರೆ ರಾತ್ರಿ ಹತ್ತು ಗಂಟೆ. ಆಗ ಆತ ಮೊಬೈಲಿನಲ್ಲಿ ಮೂರು ನಿಮಿಷದ ಬ್ಲಿಟ್ಜ್ ಆಡಲು ಕೂರುತ್ತಿದ್ದ, ಅದನ್ನೇ ದಿನದ ಅಭ್ಯಾಸವೆಂದು ಎಣಿಸಿದ್ದ. ಆತನ ಖಾತೆಯ ಇತಿಹಾಸವನ್ನು ಒಟ್ಟಿಗೆ ಕುಳಿತು ನೋಡಿದೆವು. ಹನ್ನೊಂದರ ನಂತರದ ಆಟಗಳಲ್ಲಿ ಸೋಲು ಹೆಚ್ಚು, ಒಂದು ಸೋಲಿಗೂ ಮುಂದಿನ ಆಟದ ಆರಂಭಕ್ಕೂ ನಡುವೆ ಕೆಲವೇ ಸೆಕೆಂಡುಗಳ ಅಂತರ. ಮೂರು ನಿಮಿಷದ ಆಟದಲ್ಲಿ ಎದುರಾಳಿಯ ನಡೆಯನ್ನು ಮೊದಲೇ ಊಹಿಸಿ ತನ್ನ ನಡೆಯನ್ನು ಸಿದ್ಧವಾಗಿಟ್ಟವನೇ ಗೆಲ್ಲುತ್ತಾನೆ. ಅಲ್ಲಿ ಗೆಲ್ಲಿಸುವ ಗುಣವೇ 90 ನಿಮಿಷದ ಆಟದಲ್ಲಿ ಸೋಲಿಸುತ್ತದೆ. ಬ್ಲಿಟ್ಜ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಚೆಸ್‌ಗೆ ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುವವನು, ಅದೂ ದಣಿದ ರಾತ್ರಿಯಲ್ಲಿ, ಅದನ್ನೇ ಆಡಿದರೆ ಆತನ ಇಡೀ ಅಭ್ಯಾಸ ನೋಡದೆ ಆಡುವ ಅಭ್ಯಾಸವಾಗುತ್ತದೆ.

ಇನ್ನೊಂದು ಆಟ ಬೇರೆ ಬಗೆಯದು. ಬಿಳಿ ರಾಜ ಇ4ರಲ್ಲಿ, ಕಪ್ಪು ರಾಜ ಇ6ರಲ್ಲಿ, ಬೋರ್ಡಿನ ಮೇಲೆ ಇ ಸಾಲಿನ ಒಂದೇ ಒಂದು ಬಿಳಿ ಕಾಲಾಳು, ಆಡಬೇಕಾದವನು ಬಿಳಿಯವನು. ಕಾಲಾಳು ಇ2ರಲ್ಲಿ ಇದ್ದಿದ್ದರೆ ಅದನ್ನು ಇ3ಕ್ಕೆ ಒಂದು ಹೆಜ್ಜೆ ತಳ್ಳಿ ನಡೆಯ ಸರದಿಯನ್ನು ಎದುರಾಳಿಗೆ ದಾಟಿಸಬಹುದಿತ್ತು. ಕಪ್ಪು ರಾಜ ಪಕ್ಕಕ್ಕೆ ಸರಿಯಲೇಬೇಕು, ಬಿಳಿ ರಾಜ ಇನ್ನೊಂದು ಪಕ್ಕದಿಂದ ಮುಂದೆ ನುಗ್ಗುತ್ತಾನೆ, ಕಾಲಾಳು ರಾಣಿಯಾಗುತ್ತದೆ. ಆದರೆ ಆತ ಕೆಲವು ನಡೆಗಳ ಹಿಂದೆಯೇ, ಹೇಗಿದ್ದರೂ ಮುಂದೆ ಹೋಗಬೇಕಲ್ಲ ಎಂದುಕೊಂಡು, ಕಾಲಾಳನ್ನು ಇ3ಕ್ಕೆ ತಳ್ಳಿಬಿಟ್ಟಿದ್ದ. ಕೈಯಲ್ಲಿ ಉಳಿಸಿಕೊಳ್ಳಬೇಕಾಗಿದ್ದ ಒಂದು ಹೆಜ್ಜೆ ಖರ್ಚಾಗಿತ್ತು, ಆಟ ಡ್ರಾ ಆಯಿತು. ಇದು ನೋಡದಿರುವುದರ ತಪ್ಪಲ್ಲ, ತಿಳಿಯದಿರುವುದರದು. ನಾಯ್ಡಾರ್ಫ್‌ನ ಹದಿನೈದು ನಡೆ ಕಂಠಪಾಠವಿದ್ದ ಹುಡುಗನಿಗೆ ರಾಜರಿಬ್ಬರು ಎದುರುಬದುರಾಗಿ ನಿಂತಾಗ ಸರದಿ ಯಾರದೆಂಬುದರ ಮೇಲೆ ಫಲಿತಾಂಶ ನಿಲ್ಲುತ್ತದೆಂಬ ಪಾಠ ಸಿಕ್ಕಿರಲಿಲ್ಲ.

ಹೊಂದಿಸಿಕೊಂಡ ಕ್ರಮ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯವಸ್ಥೆಯಲ್ಲಿ ಅರ್ಧ ಅಂಕಗಳು ಸೆಮಿಸ್ಟರಿನುದ್ದಕ್ಕೂ ನಡೆಯುವ ಆಂತರಿಕ ಮೌಲ್ಯಮಾಪನದಿಂದ ಬರುತ್ತವೆ, ಉಳಿದರ್ಧ ಕೊನೆಯ ಪರೀಕ್ಷೆಯಿಂದ. ಹೀಗಾಗಿ ಕೊನೆಯ ತಿಂಗಳಲ್ಲಿ ಓದಿ ಸರಿದೂಗಿಸುತ್ತೇನೆಂದು ಸೆಮಿಸ್ಟರ್ ಪೂರ್ತಿ ಆಟಕ್ಕೆ ಕೊಡಲು ಬರುವುದಿಲ್ಲ. ಹಾಜರಾತಿಯ ಲೆಕ್ಕ ಬೇರೆ. ಐದು ದಿನದ ಪಂದ್ಯಾವಳಿಗೆ ಹೋದರೆ ಒಂದು ವಾರದ ತರಗತಿಗಳು ಹೋಗುತ್ತವೆ. ಆದ್ದರಿಂದ ಸೆಮಿಸ್ಟರ್ ನಡೆಯುವಾಗ ಪಂದ್ಯಾವಳಿ ಬೇಡ, ಎರಡು ಸೆಮಿಸ್ಟರುಗಳ ನಡುವಿನ ಬಿಡುವಿನಲ್ಲಿ ಒಂದೇ ಒಂದು ಸಾಕು ಎಂಬುದು ಮೊದಲ ತೀರ್ಮಾನ.

ಎರಡನೆಯ ತೀರ್ಮಾನ ರಾತ್ರಿಯ ಆಟವನ್ನು ಪೂರ್ತಿ ನಿಲ್ಲಿಸುವುದು. ಅದರ ಬದಲು ಬೆಳಿಗ್ಗೆ ತಿಂಡಿಗೆ ಹೋಗುವ ಮೊದಲು ಸುಮಾರು ಇಪ್ಪತ್ತು ನಿಮಿಷ, ಮೂರೋ ನಾಲ್ಕೋ ಪಜಲ್‌ಗಳು. ಲಿಚೆಸ್‌ನಲ್ಲಿ ಪಜಲ್‌ಗಳಿಗೆ ಹಣವಿಲ್ಲ, ಮಿತಿಯೂ ಇಲ್ಲ. ಅದೇ ಅಪಾಯ, ಏಕೆಂದರೆ ಒಂದು ತಪ್ಪಾದ ಕೂಡಲೇ ಬೆರಳು ಮುಂದಿನದಕ್ಕೆ ಹೋಗುತ್ತದೆ. ಆತ ಸ್ಥಿತಿಯನ್ನು ಬೋರ್ಡಿನ ಮೇಲೆ ಜೋಡಿಸಿ, ಎದುರಾಳಿಯ ಅತ್ಯುತ್ತಮ ಉತ್ತರವನ್ನೂ ಸೇರಿಸಿ ಪೂರ್ತಿ ಪರಿಹಾರವನ್ನು ವಹಿಯಲ್ಲಿ ಬರೆದ ಮೇಲಷ್ಟೇ ಮೊಬೈಲಿನಲ್ಲಿ ಮೊದಲ ನಡೆ ಮುಟ್ಟಬೇಕು. ಮೊದಲ ಎರಡು ವಾರ ಇದು ಆತನಿಗೆ ಬಹಳ ಬೇಸರ ತಂದಿತು. ಮೊದಲ ನಡೆ ಸರಿಯಿದ್ದು ಎರಡನೆಯ ಉತ್ತರ ತಪ್ಪಿದ್ದ ಪುಟಗಳು ಹೆಚ್ಚಾಗತೊಡಗಿದಾಗ ಆತನಿಗೇ ತನ್ನ ಚಾಳಿ ಕಾಗದದ ಮೇಲೆ ಕಂಡಿತು.

ಓಪನಿಂಗಿನ ಭಾರ ಇಳಿಸಿದೆವು. ಬಿಳಿಯಲ್ಲಿ ಇಟಾಲಿಯನ್, ಕಪ್ಪಿನಲ್ಲಿ ಇ4ಕ್ಕೆ ಕಾರೋ-ಕಾನ್, ಡಿ4ಕ್ಕೆ ಡಿ5. ಇವುಗಳಲ್ಲಿ ಕಂಠಪಾಠಕ್ಕಿಂತ ಕಾಯಿಗಳ ಸ್ವಾಭಾವಿಕ ಜಾಗ ತಿಳಿಯುವುದು ಮುಖ್ಯ, ಅಜ್ಜನ ಆಟದಿಂದ ಬಂದ ಅಂದಾಜು ಇಲ್ಲಿ ನೆರವಿಗೆ ಬರುತ್ತದೆ. ಶನಿವಾರ ಎಂಡ್‌ಗೇಮ್, ಅಂದರೆ ಕೆಲವೇ ಕಾಯಿಗಳು ಉಳಿದ ಕೊನೆಯ ಹಂತ: ರಾಜ ಮತ್ತು ಒಂದು ಕಾಲಾಳು, ಆಮೇಲೆ ಆನೆಯ ಅಂತ್ಯಗಳಲ್ಲಿ ಗೆಲ್ಲಲು ಬೇಕಾದ ಲುಸೆನಾ ಸ್ಥಿತಿ ಮತ್ತು ಡ್ರಾ ಉಳಿಸಿಕೊಳ್ಳುವ ಫಿಲಿಡೋರ್ ರಕ್ಷಣೆ. ಇಷ್ಟು ಸಾಕು ಎಂದರೆ ಆತ ನಂಬಲಿಲ್ಲ. ಒಂದು ಸೆಮಿಸ್ಟರಿಗೆ ಇದೇ ಹೆಚ್ಚಾಯಿತು.

ಭಾನುವಾರ ಒಂದೇ ಒಂದು ನಿಧಾನದ ಆಟ, 45 ನಿಮಿಷ ಮತ್ತು ಪ್ರತಿ ನಡೆಗೆ 45 ಸೆಕೆಂಡು. ಬಾಗಲಕೋಟೆಯಲ್ಲಿ ಆ ಮಟ್ಟದ ಎದುರಾಳಿಗಳು ಬೆರಳೆಣಿಕೆಯಷ್ಟು. ಹುಬ್ಬಳ್ಳಿ, ಬೆಳಗಾವಿ ದೂರ. ವುಮನ್ ಗ್ರ್ಯಾಂಡ್‌ಮಾಸ್ಟರ್ ಸ್ವಾತಿ ಘಾಟೆ ಅವರಂತಹ ಆಟಗಾರ್ತಿಯನ್ನು ಕೊಟ್ಟ ಸಾಂಗ್ಲಿಯಲ್ಲಿ ಚೆಸ್‌ನ ಗಟ್ಟಿ ಪರಂಪರೆ ಇದೆ, ಅದೂ ವಾರಕ್ಕೊಮ್ಮೆ ಹೋಗಿಬರುವಷ್ಟು ಹತ್ತಿರವಿಲ್ಲ. ಆದ್ದರಿಂದ ಕೆಲವು ಭಾನುವಾರ ನಮ್ಮಲ್ಲೇ ಬೋರ್ಡಿನ ಮೇಲೆ, ಉಳಿದವು ಆನ್‌ಲೈನಿನಲ್ಲಿ. ಆನ್‌ಲೈನ್ ಆದರೂ ಪಕ್ಕದಲ್ಲಿ ಮರದ ಬೋರ್ಡು, ಕೈಯಲ್ಲಿ ಸ್ಕೋರ್‌ಶೀಟ್. ಆಟ ಮುಗಿದ ಸಂಜೆಯೇ ಎಂಜಿನ್ ಇಲ್ಲದೆ, ತನ್ನ ಮಾತಿನಲ್ಲಿ, ಎಲ್ಲಿ ಏನು ಯೋಚಿಸಿದೆ ಎಂದು ಒಂದು ಪುಟ ಬರೆಯಬೇಕು. ಸ್ಟಾಕ್‌ಫಿಶ್ ಎಂಬ ಎಂಜಿನ್ ತೆರೆಯುವುದು ಸೋಮವಾರ. ಎಂಜಿನ್ ಮೊದಲೇ ತೆರೆದರೆ ಅದು ಸರಿಯಾದ ನಡೆಯನ್ನು ಹೇಳುತ್ತದೆ; ತಪ್ಪು ನಡೆ ಆಡುವಾಗ ಹುಡುಗನ ತಲೆಯಲ್ಲಿ ಏನಿತ್ತೆಂಬುದನ್ನು ಹೇಳುವುದಿಲ್ಲ, ಆ ನೆನಪು ಒಂದು ರಾತ್ರಿ ಕಳೆದರೆ ಮಾಸುತ್ತದೆ.

ಈ ಎಲ್ಲದರ ನಡುವೆ ನಿಜವಾಗಿ ಕೆಲಸ ಮಾಡಿದ್ದು ಒಂದು ಸಣ್ಣ ಬದಲಾವಣೆ ಎಂಬುದು ನನ್ನ ಅಭಿಪ್ರಾಯ. ತನ್ನ ನಡೆಯನ್ನು ಆಡುವ ಮೊದಲೇ ಬರೆದುಕೊಂಡು ಇನ್ನೊಮ್ಮೆ ಪರಿಶೀಲಿಸುವುದನ್ನು ಹಳಬರು ಕಲಿಸುತ್ತಿದ್ದರು. ಈಗಿನ ಫಿಡೆ ನಿಯಮಗಳು ಅದನ್ನು ನಿಷೇಧಿಸಿವೆ. ಎದುರಾಳಿಯ ನಡೆಯ ವಿಚಾರ ಹಾಗಲ್ಲ. ಅದನ್ನು ಬರೆಯುವ ಮೊದಲೇ ಉತ್ತರ ಕೊಡಲು ನಿಯಮ ಬಿಡುತ್ತದೆ, ಮೊದಲು ಬರೆದು ಆಮೇಲೆ ಉತ್ತರ ಕೊಡಲೂ ಬಿಡುತ್ತದೆ. ನಮ್ಮ ವಿದ್ಯಾರ್ಥಿ ಇಷ್ಟು ದಿನ ತಾನು ಆಡಿ, ಗಡಿಯಾರ ಒತ್ತಿ, ಆಮೇಲೆ ಎರಡೂ ನಡೆಗಳನ್ನು ಒಟ್ಟಿಗೆ ಬರೆಯುತ್ತಿದ್ದ. ಇನ್ನು ಮುಂದೆ ಎದುರಾಳಿ ಗಡಿಯಾರ ಒತ್ತಿದ ಕೂಡಲೇ ಪೆನ್ನು ಎತ್ತಿಕೊಳ್ಳಬೇಕು, ಆ ನಡೆಯನ್ನೂ ಉಳಿದ ನಿಮಿಷಗಳನ್ನೂ ಬರೆಯಬೇಕು, ಪೆನ್ನು ಕೆಳಗಿಟ್ಟು ಆ ಕಾಯಿ ಹೊಸ ಮನೆಯಿಂದ ಯಾವುದರ ಮೇಲೆ ಕಣ್ಣಿಟ್ಟಿದೆ, ಬಿಟ್ಟು ಬಂದ ಮನೆಯಿಂದ ಯಾವ ದಾರಿ ತೆರೆಯಿತು ಎಂದು ನೋಡಬೇಕು. ತನ್ನ ಯೋಜನೆ ನೆನಪಾಗುವುದು ಅದಾದ ಮೇಲೆ. ಕೈಗೆ ಪೆನ್ನಿನ ಕೆಲಸ ಕೊಟ್ಟರೆ ಅದು ಕಾಯಿಯತ್ತ ಹೋಗುವುದಿಲ್ಲ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬ ನಿಯಮವಿರುವ ಆಟದಲ್ಲಿ ಈ ಕೆಲವು ಸೆಕೆಂಡುಗಳ ಬೆಲೆ ದೊಡ್ಡದು.

ಪರೀಕ್ಷೆಯ ಕಾಲ

ನವೆಂಬರಿನಲ್ಲಿ ಊರಿಂದ ಫೋನು ಬಂತು. "ಮೊದ್ಲು ಆ ಗಣಿತ ಪಾಸಾಗ್ಲಿ, ಆಮ್ಯಾಲೆ ಕುದ್ರಿ ಒಂಟಿ ನೋಡೂಣು" ಎಂದು ಆತನ ತಂದೆ ಹೇಳಿದ್ದರು. ಅವರ ಮಾತು ನ್ಯಾಯವಾದದ್ದೇ. ನಾನೂ ವಿದ್ಯಾರ್ಥಿಗೆ ಅದನ್ನೇ ಹೇಳಿದೆ: ಪರೀಕ್ಷೆ ಮುಗಿಯುವವರೆಗೆ ಆಟ ಆಡುವುದು ಪೂರ್ತಿ ಬಂದ್. ಸೋತ ಆಟವೊಂದು ಮುಂದಿನ ಎರಡು ಗಂಟೆಯ ಓದನ್ನೂ ಕೆಡಿಸುತ್ತದೆ. ಗೆದ್ದ ಆಟ ಇನ್ನೊಂದು ಆಟಕ್ಕೆ ಕರೆಯುತ್ತದೆ. ಬೆಳಗಿನ ವಹಿಯಲ್ಲಿ ಒಂದು ಎಂಡ್‌ಗೇಮ್ ಸ್ಥಿತಿ ಮಾತ್ರ ಉಳಿಯಿತು, ಅದೂ ಮನಸ್ಸಿದ್ದ ದಿನ. ಬಿಟ್ಟುಹೋಗುತ್ತದೆಂಬ ಭಯ ಆತನಿಗಿತ್ತು. ಎರಡು ತಿಂಗಳ ಬಿಡುವಿನಲ್ಲಿ ಮರೆಯುವುದು ಓಪನಿಂಗಿನ ಬಾಯಿಪಾಠ. ಕಾವಲಿಲ್ಲದ ಕಾಯಿಯನ್ನು ಗುರುತಿಸುವ ಕಣ್ಣು ಅಷ್ಟು ಬೇಗ ಹೋಗುವುದಿಲ್ಲ.

ಓದಿನ ಆ ದಿನಗಳಲ್ಲೇ ಸಿಂಗಪುರದಲ್ಲಿ ಗುಕೇಶ್ ಮತ್ತು ಡಿಂಗ್ ಲಿರೆನ್ ನಡುವಿನ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ಡಿಸೆಂಬರ್ 12ರ ಹದಿನಾಲ್ಕನೇ ಆಟವನ್ನು ಆತ ನೋಡಿದ. ಅದಕ್ಕೆ ನಾನು ಬೇಡವೆನ್ನಲಿಲ್ಲ. ಡ್ರಾದತ್ತ ಸಾಗುತ್ತಿದ್ದ ಆಟದ 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ಇಟ್ಟರು. ಆನೆಗಳು ಹೊಡೆದುಕೊಂಡ ಮೇಲೆ ಗುಕೇಶ್ ಒಂಟೆಯನ್ನು ಡಿ5ಕ್ಕೆ ತಂದರು. ಮೂಲೆಯಲ್ಲಿದ್ದ ಡಿಂಗ್ ಅವರ ಒಂಟೆಗೆ ವಿನಿಮಯ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ, ಉಳಿದದ್ದು ರಾಜರು ಮತ್ತು ಕಾಲಾಳುಗಳ ಅಂತ್ಯ, ಅದು ಗುಕೇಶ್ ಗೆಲ್ಲುವ ಅಂತ್ಯ. 7.5–6.5ರಿಂದ ಪಂದ್ಯ ಗೆದ್ದು 18ನೇ ವಯಸ್ಸಿನಲ್ಲಿ ಅವರು ವಿಶ್ವ ಚಾಂಪಿಯನ್ ಆದರು. ವಿದ್ಯಾರ್ಥಿ ಮರುದಿನ ಫೋನಿನಲ್ಲಿ ಮಾತಾಡಿದ್ದು ಚಾಂಪಿಯನ್ನನ ಬಗ್ಗೆ ಕಡಿಮೆ, ಕಾಲಾಳಿನ ಅಂತ್ಯದ ಬಗ್ಗೆ ಹೆಚ್ಚು. ಕಾಯಿಗಳನ್ನು ಹೊಡೆದುಕೊಳ್ಳುವ ಮೊದಲು ಬೋರ್ಡಿನ ಮೇಲೆ ಉಳಿಯುವ ಕಾಲಾಳುಗಳನ್ನು ಎಣಿಸಬೇಕೆಂಬುದನ್ನು ನಾನು ಶನಿವಾರಗಳಲ್ಲಿ ಹೇಳುತ್ತಲೇ ಇದ್ದೆ. ಆ ಆಟ ಅದನ್ನು ಆತನಿಗೆ ಮುಟ್ಟಿಸಿತು.

ಬಾಕಿಯಿದ್ದ ಗಣಿತ ಆ ಸಲ ಪಾಸಾಯಿತು. ಇದರ ಶ್ರೇಯವನ್ನು ಚೆಸ್‌ಗೆ ಕೊಡುವವರಿದ್ದಾರೆ. ನಾನು ಕೊಡಲಾರೆ, ಆತ ಓದಿದ, ರಾತ್ರಿ ಹೊತ್ತಿಗೆ ಮಲಗಿದ, ಪಾಸಾದ.

ಬೆಳಗಾವಿಯ ಪಂದ್ಯಾವಳಿ

ಎರಡು ಸೆಮಿಸ್ಟರುಗಳ ನಡುವೆ ಬೆಳಗಾವಿಯಲ್ಲಿ ಒಂಬತ್ತು ಸುತ್ತುಗಳ ರೇಟಿಂಗ್ ಪಂದ್ಯಾವಳಿ ಸಿಕ್ಕಿತು. ಲೋಕಾಪುರ, ಯರಗಟ್ಟಿ ಮಾರ್ಗದ ಬಸ್ಸಿನಲ್ಲಿ ಹೋಗಿ ಗೆಳೆಯನ ಕೊಠಡಿಯಲ್ಲಿ ಉಳಿದುಕೊಂಡ. ಒಟ್ಟು ಐದು ಅಂಕ ಬಂತು. ರೇಟಿಂಗ್ ಇದ್ದ ಏಳು ಎದುರಾಳಿಗಳ ವಿರುದ್ಧ ಆತನ ರೇಟಿಂಗಿನಿಂದ ನಿರೀಕ್ಷಿಸಬಹುದಾದದ್ದು 2.55 ಅಂಕ, ಗಳಿಸಿದ್ದು ನಾಲ್ಕು. ಹೊಸ ಆಟಗಾರರಿಗೆ 30 ಆಟ ಮುಗಿಯುವವರೆಗೆ ಕೆ ಗುಣಾಂಕ, ಅಂದರೆ ಗಳಿಸಿದ್ದಕ್ಕೂ ನಿರೀಕ್ಷೆಗೂ ಇರುವ ವ್ಯತ್ಯಾಸವನ್ನು ಗುಣಿಸುವ ಸಂಖ್ಯೆ, 40 ಇರುತ್ತದೆ, 1.45ನ್ನು 40ರಿಂದ ಗುಣಿಸಿದರೆ 58. ರೇಟಿಂಗ್ 1521 ಆಯಿತು.

ಆದರೆ ಈ ಏರಿಕೆಯನ್ನು ಹಾಗೆಯೇ ಸುಧಾರಣೆಯೆಂದು ತೆಗೆದುಕೊಳ್ಳುವ ಮೊದಲು ನಾಲ್ಕನೇ ಸುತ್ತನ್ನು ನೋಡಬೇಕು. ಎದುರಾಳಿಯ ರೇಟಿಂಗ್ 1663, ಆತನಿಗಿಂತ 200 ಹೆಚ್ಚು. ಮಿಡಲ್‌ಗೇಮ್‌ನಲ್ಲಿ ಆತ ಬಹಳ ಹೊತ್ತು ಯೋಚಿಸಿ ಒಂದು ಯೋಜನೆ ಮಾಡಿಕೊಂಡಿದ್ದ, ಮುಂದಿನ ನಡೆ ಆನೆಯನ್ನು ಡಿ1ಕ್ಕೆ ತರುವುದು. ಎದುರಾಳಿ ಕುದುರೆಯನ್ನು ಜಿ4ಕ್ಕೆ ಇಟ್ಟ. ವಿದ್ಯಾರ್ಥಿ ಪೆನ್ನು ಎತ್ತಿ ಬರೆದ, ಉಳಿದ ನಿಮಿಷ ಬರೆದ, ತಲೆಯೆತ್ತಿ ನೋಡಿದ. ಸಿ7ರಲ್ಲಿದ್ದ ಕಪ್ಪು ರಾಣಿಯಿಂದ ಎಚ್2ರವರೆಗೆ ಕರ್ಣ ಪೂರ್ತಿ ತೆರೆದಿತ್ತು, ಈಗ ಕುದುರೆಯೂ ಅದೇ ಮನೆಗೆ ಗುರಿಯಿಟ್ಟಿತ್ತು. ಆನೆಯನ್ನು ಡಿ1ಕ್ಕೆ ಇಟ್ಟಿದ್ದರೆ ಮರುನಡೆಯಲ್ಲೇ ಮೇಟ್. ಆತ ಜಿ ಕಾಲಾಳನ್ನು ಜಿ3ಕ್ಕೆ ತಳ್ಳಿದ, ದಾಳಿ ನಿಂತಿತು, ಮುಂದೆ ಗೆದ್ದ. 200 ಅಂಕದ ಅಂತರದಲ್ಲಿ ಕಡಿಮೆ ರೇಟಿಂಗಿನವನ ನಿರೀಕ್ಷೆ 0.24, ಆದ್ದರಿಂದ ಆ ಒಂದು ಗೆಲುವು ತಂದದ್ದು 30.4 ರೇಟಿಂಗ್ ಅಂಕ, ಸೋತಿದ್ದರೆ ಹೋಗುತ್ತಿದ್ದುದು 9.6. ಉಳಿದೆಲ್ಲ ಆಟಗಳು ಹಾಗೆಯೇ ಇದ್ದು ಇದೊಂದು ಕೈತಪ್ಪಿದ್ದರೆ 58ರ ಬದಲು 18 ಮಾತ್ರ ಬರುತ್ತಿತ್ತು. ಒಂಬತ್ತು ಸುತ್ತಿನ ಸಂಖ್ಯೆಯ ಮೇಲೆ ನಾನು ಹೆಚ್ಚು ಭಾರ ಹಾಕದಿರುವುದು ಇದಕ್ಕೇ. ನನಗೆ ಸಮಾಧಾನ ತಂದದ್ದು ಸ್ಕೋರ್‌ಶೀಟ್‌ಗಳು: ದೀರ್ಘ ಯೋಚನೆಯ ಮರುನಡೆಯಲ್ಲಿ ಕಾಯಿ ಕಳೆದುಕೊಂಡ ಆಟ ಈ ಸಲ ಒಂದೇ ಇತ್ತು, ಅದೂ ದಿನದ ಎರಡನೇ ಸುತ್ತಿನ ಕೊನೆಯಲ್ಲಿ.

ಸೋತ ಆಟಗಳು ಹೊಸ ಸಂಗತಿಗಳನ್ನು ಹೇಳಿದವು. ಒಂದರಲ್ಲಿ ಆನೆಯ ಅಂತ್ಯ ಬಂತು, ಎದುರಾಳಿಗೆ ಡಿ ಸಾಲಿನ ಒಂದು ಕಾಲಾಳು ಹೆಚ್ಚು. ಫಿಲಿಡೋರ್ ರಕ್ಷಣೆಯಲ್ಲಿ ರಾಜ ಕಾಲಾಳಿನ ಮುಂದೆ ನಿಲ್ಲುತ್ತಾನೆ; ಆನೆ ಮೂರನೇ ಅಡ್ಡಸಾಲನ್ನು ಹಿಡಿದು ಎದುರಾಳಿಯ ರಾಜನಿಗೆ ದಾರಿ ಕೊಡದೆ ಕಾಯುತ್ತದೆ, ಕಾಲಾಳು ಆ ಸಾಲಿಗೆ ಬಂದ ಕೂಡಲೇ ಹಿಂದಕ್ಕೆ ಹೋಗಿ ಚೆಕ್ ಕೊಡಲು ಶುರುಮಾಡುತ್ತದೆ. ಆತನಿಗೆ ಇದು ಗೊತ್ತಿತ್ತು. ಆದರೆ ಅದಕ್ಕಿಂತ ಐದಾರು ನಡೆ ಮೊದಲೇ ಆನೆಯನ್ನು ಮೊದಲ ಸಾಲಿಗೆ ಎಳೆದುಕೊಂಡು ರಾಜನ ಪಕ್ಕದಲ್ಲಿ ಕೂರಿಸಿಬಿಟ್ಟಿದ್ದ, ಬೇಕಾದ ಸಾಲನ್ನು ಎದುರಾಳಿಯ ರಾಜ ಆಗಲೇ ಹಿಡಿದಿದ್ದ. ಪಾಠದಲ್ಲಿ ಸ್ಥಿತಿ ಸಿದ್ಧವಾಗಿ ಬೋರ್ಡಿನ ಮೇಲೆ ಇರುತ್ತದೆ, ಆಟದಲ್ಲಿ ಅದರತ್ತ ನಾವೇ ಸಾಗಿ ಹೋಗಬೇಕು. ಈ ನಡುವಿನ ದಾರಿಯನ್ನು ಶನಿವಾರದ ಅಭ್ಯಾಸ ಮುಟ್ಟಿರಲಿಲ್ಲ. ಇನ್ನೊಂದು ಸೋಲು ಸಿಸಿಲಿಯನ್‌ನಲ್ಲಿ. ಇ4 ಆಡುವವನಿಗೆ ಎದುರಾಳಿ ಸಿ5 ಆಡಿದರೆ ಇಟಾಲಿಯನ್ ಬರುವುದೇ ಇಲ್ಲ, ಅದಕ್ಕೆ ಸರಳವಾದ ಉತ್ತರವೊಂದನ್ನು ಸಿದ್ಧಮಾಡಿಕೊಳ್ಳಲು ಸೆಮಿಸ್ಟರಿನಲ್ಲಿ ಹೊತ್ತು ಸಿಕ್ಕಿರಲಿಲ್ಲ. ಆ ಆಟದಲ್ಲಿ ಮೂವತ್ತನೇ ನಡೆಯ ಹೊತ್ತಿಗೆ ಗಡಿಯಾರದಲ್ಲಿ ಉಳಿದದ್ದು ನಡೆಗೆ ಸೇರುವ 30 ಸೆಕೆಂಡುಗಳೇ.

ಇದು ಪೆನ್ನಿನ ಕ್ರಮದ ಖರ್ಚಿನ ಬದಿ. ಪ್ರತಿ ನಡೆಗೂ ನಿಂತು ನೋಡುವವನ ಗಡಿಯಾರ ಬೇಗ ಕರಗುತ್ತದೆ. 30 ಸೆಕೆಂಡು ಮಾತ್ರ ಉಳಿದಾಗ ಬರೆಯುವುದು, ನೋಡುವುದು, ಆಡುವುದು ಮೂರೂ ಅದರೊಳಗೇ ಆಗಬೇಕು. ಪರಿಚಿತ ಓಪನಿಂಗಿನ ಮೊದಲ ಹತ್ತು ನಡೆಗಳಲ್ಲಿ ಬೇಗ ಸಾಗಿ, ಅಲ್ಲಿ ಉಳಿಸಿದ ನಿಮಿಷಗಳನ್ನು ಮಿಡಲ್‌ಗೇಮ್‌ಗೆ ಇಟ್ಟುಕೊಳ್ಳುವುದೊಂದೇ ದಾರಿ. ಓಪನಿಂಗ್ ಅಭ್ಯಾಸಕ್ಕೆ ಈ ಮಟ್ಟದಲ್ಲಿ ನಾನು ಕೊಡುವ ಮುಖ್ಯ ಬೆಲೆ ಇದೇ: ಅದು ಮೇಲುಗೈ ತಂದುಕೊಡುವುದಕ್ಕಿಂತ ಗಡಿಯಾರವನ್ನು ಉಳಿಸಿಕೊಡುತ್ತದೆ.

ಈ ಕ್ರಮ ಎಲ್ಲರಿಗೂ ಹೊಂದುವುದಿಲ್ಲ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಇಷ್ಟು ಬರವಣಿಗೆ ಹೇರಿದರೆ ಆಟದ ಮೇಲಿನ ಪ್ರೀತಿಯೇ ಹೋಗುತ್ತದೆ. ಅವರು ಹೆಚ್ಚು ಆಡಬೇಕು, ಹೆಚ್ಚು ಸೋಲಬೇಕು. ವೃತ್ತಿಯಾಗಿಯೇ ಚೆಸ್ ಹಿಡಿಯುವವರ ದಾರಿಯೂ ಬೇರೆ. ಆದರೆ ಓದು, ಉದ್ಯೋಗದ ಜೊತೆ ಬೆಳೆಯಲು ಸಾಧ್ಯವೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಆ ಪದವಿ ಪಡೆದದ್ದು ರೈಲ್ವೆ ಉದ್ಯೋಗದಲ್ಲಿದ್ದುಕೊಂಡೇ. ನಮ್ಮ ವಿದ್ಯಾರ್ಥಿಯ ಗುರಿ ಅಷ್ಟು ಎತ್ತರದ್ದಲ್ಲ, ಪದವಿ ಮುಗಿಯುವ ಮೊದಲು 1700 ಮುಟ್ಟಬೇಕು ಎಂಬುದಷ್ಟೇ. ಮೂವತ್ತು ಆಟ ಮುಗಿದ ಮೇಲೆ ಕೆ 20ಕ್ಕೆ ಇಳಿಯುತ್ತದೆ, ಏರುವುದೂ ಇಳಿಯುವುದೂ ಅರ್ಧ ವೇಗಕ್ಕೆ ಬರುತ್ತದೆ, ಹಾಗಾಗಿ ಅದಕ್ಕೆ ಆತನ ಲೆಕ್ಕಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು.

ಆರನೇ ಸೆಮಿಸ್ಟರಿಗೆ ಕ್ರಮದಲ್ಲಿ ಎರಡು ತಿದ್ದುಪಡಿ ಮಾಡಿಕೊಂಡಿದ್ದೇವೆ. ಸಿಸಿಲಿಯನ್‌ಗೆ ಉತ್ತರವಾಗಿ ಆತ ಸಿ3 ಆಡುವ ಅಲಾಪಿನ್ ಪದ್ಧತಿಯನ್ನು ಕಲಿಯುತ್ತಿದ್ದಾನೆ. ಶನಿವಾರದ ಆನೆಯ ಅಂತ್ಯಗಳನ್ನು ಇನ್ನು ಸಿದ್ಧ ಸ್ಥಿತಿಯಿಂದ ಆರಂಭಿಸುವುದಿಲ್ಲ. ಎರಡೂ ಕಡೆ ಮೂರು ನಾಲ್ಕು ಕಾಲಾಳುಗಳಿರುವ ಸ್ಥಿತಿಯನ್ನು ಹಾಕಿ, ಗಡಿಯಾರ ಇಟ್ಟು, ಒಮ್ಮೆ ಬಿಳಿಯಿಂದ ಒಮ್ಮೆ ಕಪ್ಪಿನಿಂದ ನನ್ನೊಡನೆ ಆಡಿ ಮುಗಿಸುತ್ತಾನೆ. ಮೊದಲ ಇಂಟರ್ನಲ್ಸ್ ವಾರದಲ್ಲಿ ಅಭ್ಯಾಸಕ್ಕೆ ರಜೆ, ಮುಂದಿನ ಪಂದ್ಯಾವಳಿ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ.